ಫೋಕಸ್ ಆಮೇಲೆ ಮಾಡ್ಕೊಳ್ಳಿ, ಬೀಗದಕೈ ಮಾತ್ರ ಕೇಳ್ಬೇಡಿ!

ಹೋದ ವರ್ಷ ನಮ್ಮಜ್ಜಿ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಇಡೋಕೆ ಒಂದು ದೊಡ್ಡ ಫೋಟೋ ಬೇಕಿತ್ತು. "ನೀನು ಕಂಪ್ಯೂಟರ್ ಓದಿದೋನು, ಚೆನ್ನಾಗಿರೋದು ಒಂದು ನೀನೇ ಹುಡುಕಪ್ಪಾ" ಅಂತ ದೊಡ್ಡಮ್ಮ ಆ ಕೆಲಸ ನನಗೆ ವಹಿಸಿದರು. ಅಜ್ಜಿ ಫೋಟೋಗಳಿಗೇನೂ ಕೊರತೆ ಇರಲಿಲ್ಲ. ಆದರೆ ಕ್ಯಾಮೆರಾ ಕಂಡ ತಕ್ಷಣ ಅವರು ಸೆರಗು ಸರಿಮಾಡಿಕೊಂಡು ಪೊಲೀಸ್ ಸ್ಟೇಷನ್ನಿನಲ್ಲಿ ನಿಂತವರ ಹಾಗೆ ಬಿಗಿಯಾಗಿಬಿಡೋರು. ಎಲ್ಲದರಲ್ಲೂ ಅದೇ ಮುಖ.

ಒಂದೇ ಒಂದು ಫೋಟೋದಲ್ಲಿ ಅಜ್ಜಿ ನಗ್ತಾ ಇದ್ದರು. ಅಕ್ಕನ ನಿಶ್ಚಿತಾರ್ಥದ್ದು. ಅಕ್ಕ ರೇಷ್ಮೆ ಸೀರೆಯಲ್ಲಿ ಮುಂದೆ, ಅಜ್ಜಿ ಎರಡು ಹೆಜ್ಜೆ ಹಿಂದೆ. ಯಾರೋ ಏನೋ ತಮಾಷೆ ಮಾಡಿರಬೇಕು, ಬೊಚ್ಚುಬಾಯಿ ಬಿಟ್ಟು ನಕ್ಕಿದ್ದಾರೆ. ಇದೇ ಸರಿ ಅಂತ ದೊಡ್ಡದು ಮಾಡಿ ನೋಡಿದೆ. ಅಕ್ಕನ ಮೂಗುತಿಯ ಹರಳು ಕೂಡ ಸ್ಪಷ್ಟ. ಅಜ್ಜಿ ಮಾತ್ರ ಮಸುಕು. ಹಬೆ ಕೂತ ಗಾಜಿನಾಚೆ ನಿಂತಿರೋ ಹಾಗೆ.

ಅಕ್ಕನಿಗೆ ಫೋನ್ ಮಾಡಿದೆ. "ಅದು ಪೋರ್ಟ್ರೇಟ್ ಮೋಡ್ ಕಣೋ, ಆಮೇಲೆ ಫೋಕಸ್ ಬದಲಾಯಿಸ್ಕೋಬಹುದು, ಭಾವನ ಫೋನಲ್ಲಿ ಬರ್ತಿತ್ತು" ಅಂದಳು.

"ಹಾಗಾದ್ರೆ ಮೂಲ ಫೈಲ್ ಕಳ್ಸಕ್ಕಾ."

"ಆ ಫೋನ್ ಎಕ್ಸ್‌ಚೇಂಜ್‌ಗೆ ಕೊಟ್ಬಿಟ್ವಲ್ಲೋ! ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೀವಲ್ಲ, ಈಗ ಇರೋದು ಅದೇ."

ಅಲ್ಲಿಗೆ ಮುಗೀತು. ಆವತ್ತಿಂದ ಇದು ತಲೆ ಕೊರೀತಾನೇ ಇದೆ, ಬರೆದು ಹೊರಗೆ ಹಾಕದಿದ್ದರೆ ಸಮಾಧಾನ ಇಲ್ಲ.

ಇದರಲ್ಲೊಂದು ಕ್ರೂರ ತಮಾಷೆ ಇದೆ. ಮೊಬೈಲಿನ ಲೆನ್ಸು ಎಷ್ಟು ಪುಟ್ಟದು ಅಂದರೆ ನಾಲ್ಕೈದು ಅಡಿ ದೂರದಲ್ಲಿರೋ ಅಕ್ಕನೂ, ಅವಳ ಹಿಂದಿರೋ ಅಜ್ಜಿಯೂ ಹೆಚ್ಚುಕಮ್ಮಿ ಒಂದೇ ಸಮ ಸ್ಪಷ್ಟವಾಗಿಯೇ ಬಿದ್ದಿರುತ್ತಾರೆ. ದೊಡ್ಡ ಕ್ಯಾಮೆರಾದ ಹಾಗೆ ಹಿನ್ನೆಲೆಯನ್ನು ಕರಗಿಸೋದು ಆ ಲೆನ್ಸಿನ ಕೈಲಿ ಆಗದ ಕೆಲಸ. ಹಾಗಾಗಿ ಸಾಫ್ಟ್‌ವೇರ್ ಬಂದು ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಅಂತ ಊಹೆ ಮಾಡಿ, ಹಿಂದಿದ್ದವರನ್ನು ಬೇಕಂತಲೇ ಮಸುಕು ಮಾಡುತ್ತೆ. ಅಂದರೆ ಆ ಫೋನಿನ ಸೆನ್ಸರ್ ನಮ್ಮಜ್ಜಿಯ ನಗುವನ್ನು ಚೆನ್ನಾಗಿಯೇ ಕಂಡಿತ್ತು. ಕಂಡಮೇಲೆ ಅಳಿಸಿತು. "ಬೇಕಾದರೆ ಆಮೇಲೆ ವಾಪಸ್ ತಗೊಳ್ಳಿ" ಅಂತ ಆ ನಗುವನ್ನು ಅಲ್ಲೇ ಒಳಗೆ ಇಟ್ಟುಕೊಂಡಿತ್ತು. ನಾವು ಗ್ರೂಪಿಗೆ ಕಳಿಸಿದಾಗ ಹೊರಗೆ ಬಂದಿದ್ದು ಮಸುಕಾದ ಪ್ರತಿ ಮಾತ್ರ!

ಚಿತ್ರ ತೆಗೆದ ಮೇಲೆ ಫೋಕಸ್ ಮಾಡೋ ಈ ಕನಸು ಶುರುವಾಗಿದ್ದು ಹೀಗಲ್ಲ. ಅದಕ್ಕೆ ತುಂಬ ಚಂದದ ಇತಿಹಾಸ ಇದೆ. 1908ರಲ್ಲೇ ಫ್ರಾನ್ಸಿನ ಗೇಬ್ರಿಯಲ್ ಲಿಪ್‌ಮನ್ ನೊಣದ ಕಣ್ಣಿನ ಹಾಗೆ ಸಾಲುಸಾಲು ಪುಟಾಣಿ ಲೆನ್ಸುಗಳಿಂದ ಚಿತ್ರ ಹಿಡಿಯೋ ಯೋಚನೆ ಮಂಡಿಸಿದ್ದ. ಅದೇ ವರ್ಷ ಅವನಿಗೆ ನೊಬೆಲ್ ಬಂದಿದ್ದು ಬೇರೆ ಕೆಲಸಕ್ಕೆ, ಬಣ್ಣದ ಫೋಟೋಗ್ರಫಿಗೆ. 1992ರಲ್ಲಿ ಅಡೆಲ್ಸನ್ ಮತ್ತು ವಾಂಗ್ ಅನ್ನೋರು ಇದೇ ಯೋಚನೆಯ ಡಿಜಿಟಲ್ ಕ್ಯಾಮೆರಾ ಬಗ್ಗೆ ಬರೆದರು. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೆನ್ ಇಂಗ್ ಅನ್ನೋ ವಿದ್ಯಾರ್ಥಿ ಮತ್ತು ಅವನ ಜೊತೆಯವರು ಕೈಯಲ್ಲಿ ಹಿಡಿಯಬಹುದಾದ ಮಾದರಿಯನ್ನೇ ಕಟ್ಟಿ ತೋರಿಸಿದರು. 16 ಮೆಗಾಪಿಕ್ಸೆಲ್ ಸೆನ್ಸರಿನ ಮುಂದೆ 296x296 ಪುಟ್ಟ ಲೆನ್ಸುಗಳ ಒಂದು ಹಾಳೆ.

ಇದು ಕೆಲಸ ಮಾಡೋ ರೀತಿ ಕಷ್ಟದ್ದೇನಲ್ಲ. ಮಾಮೂಲಿ ಕ್ಯಾಮೆರಾದಲ್ಲಿ ಒಂದು ಬಿಂದುವಿನಿಂದ ಹೊರಟ ಬೆಳಕು ಲೆನ್ಸಿನ ಬೇರೆ ಬೇರೆ ಜಾಗಗಳಿಂದ ಒಳಗೆ ಬರುತ್ತೆ. ಎಲ್ಲವೂ ಸೆನ್ಸರಿನ ಒಂದೇ ಜಾಗಕ್ಕೆ ಬಂದು ಸೇರಿದರೆ ಫೋಕಸ್ಸು, ಹರಡಿಕೊಂಡರೆ ಮಸುಕು. ಪಿಕ್ಸೆಲ್ಲಿಗೆ ಗೊತ್ತಾಗೋದು ಒಟ್ಟು ಎಷ್ಟು ಬೆಳಕು ಬಿತ್ತು ಅನ್ನೋದಷ್ಟೇ, ಯಾವ ಕಡೆಯಿಂದ ಎಷ್ಟು ಬಂತು ಅನ್ನೋದಲ್ಲ. ದಿನಸಿ ಅಂಗಡಿಯವನು ಚೀಟಿಯಲ್ಲಿ ಬರೀ ಒಟ್ಟು ಮೊತ್ತ ಬರೆದುಕೊಟ್ಟ ಹಾಗೆ. ಬೇಳೆಗೆಷ್ಟು, ಬೆಲ್ಲಕ್ಕೆಷ್ಟು ಅಂತ ಆಮೇಲೆ ಕೇಳಿದರೆ ಉತ್ತರ ಇಲ್ಲ. ಸೆನ್ಸರಿನ ಮುಂದೆ ಪುಟ್ಟ ಲೆನ್ಸುಗಳನ್ನು ಕೂರಿಸಿದರೆ ಬೇರೆ ಬೇರೆ ದಿಕ್ಕಿನಿಂದ ಬಂದ ಬೆಳಕು ಬೇರೆ ಬೇರೆ ಪಿಕ್ಸೆಲ್ಲಿಗೆ ಬೀಳುತ್ತೆ. ಈಗ ಚೀಟಿಯಲ್ಲಿ ಪ್ರತಿ ಸಾಮಾನಿನ ಲೆಕ್ಕವೂ ಇದೆ. ಅದನ್ನು ಬೇಕಾದ ಹಾಗೆ ಸರಿಸಿ ಮತ್ತೆ ಕೂಡಿಸಿದರೆ ಬೇಕಾದ ದೂರಕ್ಕೆ ಫೋಕಸ್ ಸಿಗುತ್ತೆ. ಮಂತ್ರ ಇಲ್ಲ, ಊಹೆ ಇಲ್ಲ, ಅಪ್ಪಟ ಕೂಡುವ ಲೆಕ್ಕ.

ಬೆಲೆ ತೆರಬೇಕು, ನಿಜ. ಒಂದೊಂದು ಪುಟ್ಟ ಲೆನ್ಸಿನ ಹಿಂದೆ ಸುಮಾರು 14x14 ಪಿಕ್ಸೆಲ್ ದಿಕ್ಕಿನ ಲೆಕ್ಕಕ್ಕೇ ಖರ್ಚಾಗಿ ಕೊನೆಗೆ ಸಿಗೋ ಚಿತ್ರ ಬರೀ 296x296. ಹದಿನಾರು ಮೆಗಾಪಿಕ್ಸೆಲ್ ಹಾಕಿ ಪಾಸ್‌ಪೋರ್ಟ್ ಫೋಟೋ ತೆಗೆದ ಹಾಗೆ :)

ರೆನ್ ಇಂಗ್ ಮುಂದೆ ಕಂಪನಿ ಕಟ್ಟಿದ. ಅದೇ ಲೈಟ್ರೋ. ಫೆಬ್ರವರಿ 2012ರಲ್ಲಿ ಚೌಕಾಕಾರದ ಟಾರ್ಚಿನ ಹಾಗಿದ್ದ ಅದರ ಮೊದಲ ಕ್ಯಾಮೆರಾ ಗಿರಾಕಿಗಳ ಕೈಗೆ ಬಂತು. 399 ಡಾಲರ್. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಂತರ್ಜಾಲದಲ್ಲಿ ಅದರ ಚಿತ್ರಗಳನ್ನು ಒತ್ತಿ ಒತ್ತಿ, ಮುಂದಿನ ಹೂವು ಒಮ್ಮೆ, ಹಿಂದಿನ ನಾಯಿ ಒಮ್ಮೆ ಸ್ಪಷ್ಟವಾಗೋದು ನೋಡಿ ಬೆರಗಾಗಿದ್ದು ಇನ್ನೂ ನೆನಪಿದೆ. 2014ರಲ್ಲಿ ಇಲ್ಲಮ್ ಅನ್ನೋ ದೊಡ್ಡ ಕ್ಯಾಮೆರಾ ಬಂತು, 1,599 ಡಾಲರ್. ಅದೂ ಓಡಲಿಲ್ಲ. ಕಂಪನಿ ಸಿನಿಮಾ, ವರ್ಚುವಲ್ ರಿಯಾಲಿಟಿ ಕಡೆ ಹೊರಳಿತು. ಮಾರ್ಚ್ 2018ರಲ್ಲಿ ಬಾಗಿಲು ಹಾಕೋದಾಗಿ ಹೇಳಿತು.

ಯಾಕೆ ಸೋತಿತು ಅಂತ ಕೇಳಿದರೆ ನನ್ನ ಸುತ್ತ ಎರಡು ಗುಂಪಿನವರು ಎರಡು ಉತ್ತರ ಕೊಡ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಮೊದಲನೇ ಗುಂಪು ಫೋಟೋಗ್ರಫಿ ಪಂಡಿತರದು. ಕುತ್ತಿಗೆಗೆ ಎಸ್ಎಲ್ಆರ್ ನೇತುಹಾಕಿಕೊಂಡು ಭಾನುವಾರ ಬೆಳಗ್ಗೆ ಲಾಲ್‌ಬಾಗಿಗೆ ಹೋಗೋರು. "ಫೋಕಸ್ ಅನ್ನೋದು ಫೋಟೋಗ್ರಾಫರನ ನಿರ್ಧಾರ, ಅದನ್ನ ನೋಡೋನ ಕೈಗೆ ಕೊಟ್ಟರೆ ಅದು ಕಲೆಯಲ್ಲ" ಅಂತಾರೆ. ಅಲ್ಲ ಸ್ವಾಮಿ, ನಿಮ್ಮ ಕ್ಯಾಮೆರಾ ಮಾಡೋ ಆಟೋಫೋಕಸ್ ಯಾರ ನಿರ್ಧಾರ? 1977ರಲ್ಲಿ ಕೊನಿಕಾ ಸಿ35 ಎಎಫ್ ಬಂದಾಗಿನಿಂದ ಆ ಕೆಲಸ ಯಂತ್ರಕ್ಕೆ ಒಪ್ಪಿಸಿದ್ದೀವಲ್ಲ? ರಾ ಫೈಲ್ ತೆಗೆದು ಬೆಳಕು, ಬಣ್ಣ ಎಲ್ಲ ಆಮೇಲೆ ಮನೇಲಿ ಕೂತು ತಿದ್ದೋದು ನೀವೇ ಅಲ್ಲವಾ? ಬಣ್ಣದ ನಿರ್ಧಾರ ಮುಂದೂಡಿದರೆ ಜಾಣತನ, ಫೋಕಸ್ಸಿನ ನಿರ್ಧಾರ ಮುಂದೂಡಿದರೆ ಪಾಪ... ಇದ್ಯಾವ ನ್ಯಾಯ? ಇನ್ನು ಅಜ್ಜಿ ನಕ್ಕ ಆ ಅರ್ಧ ಸೆಕೆಂಡಿನಲ್ಲಿ ಯಾರ ಕೈಲೂ ಯಾವ ನಿರ್ಧಾರವೂ ಆಗೋಲ್ಲ. ಕಲೆ ಮಾಡೋರಿಗೆ ಸಾವಿರ ದಾರಿ ಇದೆ. ಮನೆಮಂದಿಯ ಫೋಟೋ ತೆಗೆಯೋ ಕೋಟ್ಯಂತರ ಜನಕ್ಕೆ ಆಮೇಲೆ ಫೋಕಸ್ ಮಾಡೋ ಸೌಲಭ್ಯ ವರವೇ ಸರಿ.

ಎರಡನೇ ಗುಂಪು ನಮ್ಮವರದೇ, ಟೆಕ್ ಮಂದಿಯದು. "ರೆಸಲ್ಯೂಷನ್ ಕಮ್ಮಿ ಇತ್ತು, ಅದಕ್ಕೇ ಸೋತಿತು. ಈಗ ಮೊಬೈಲಲ್ಲೇ ಬರುತ್ತಲ್ಲ, ಆ ಕ್ಯಾಮೆರಾ ಯಾಕೆ ಬೇಕು?" ಅಂತ ಒಂದೇ ಸಾಲಿನಲ್ಲಿ ಮುಗಿಸ್ತಾರೆ. ರೆಸಲ್ಯೂಷನ್ ಕಮ್ಮಿ ಇದ್ದದ್ದು ನಿಜ. ಮೊದಲ ಲೈಟ್ರೋದಿಂದ ಸಿಗ್ತಿದ್ದದ್ದು 1080x1080, ಅಂದರೆ ಸುಮಾರು 1.2 ಮೆಗಾಪಿಕ್ಸೆಲ್. ಅದೇ ತಿಂಗಳು ನೋಕಿಯಾ 41 ಮೆಗಾಪಿಕ್ಸೆಲ್ಲಿನ ಫೋನು ತೋರಿಸಿತ್ತು.

ಆದರೆ "ಮೊಬೈಲಲ್ಲೇ ಬರುತ್ತಲ್ಲ" ಅನ್ನೋದು ಅರ್ಧಸತ್ಯ. 2016ರಲ್ಲಿ ಐಫೋನ್ 7 ಪ್ಲಸ್ ಎರಡು ಲೆನ್ಸಿನ ಮಧ್ಯದ ವ್ಯತ್ಯಾಸದಿಂದ ಆಳ ಲೆಕ್ಕ ಹಾಕೋಕೆ ಶುರುಮಾಡಿತು. 2017ರಲ್ಲಿ ಗೂಗಲ್ ಪಿಕ್ಸೆಲ್ 2 ಒಂದೇ ಲೆನ್ಸಿನ ಹಿಂದೆ ಪ್ರತಿ ಪಿಕ್ಸೆಲ್ಲನ್ನೂ ಎರಡು ಹೋಳು ಮಾಡಿ, ಎಡದ ಬೆಳಕೆಷ್ಟು, ಬಲದ ಬೆಳಕೆಷ್ಟು ಅಂತ ನೋಡಿ ಅದೇ ಕೆಲಸ ಮಾಡಿತು. ಆಗ ಗೂಗಲ್‌ನಲ್ಲಿ ಆ ಕೆಲಸದ ಮುಂದಾಳು ಮಾರ್ಕ್ ಲೆವಾಯ್. ರೆನ್ ಇಂಗ್‌ನ 2005ರ ಪ್ರಬಂಧದಲ್ಲಿ ಹೆಸರಿರೋ ಅದೇ ಪ್ರೊಫೆಸರು. 2018ರ ಐಫೋನ್‌ಗಳಲ್ಲಿ ಮಸುಕು ಎಷ್ಟಿರಬೇಕು ಅನ್ನೋದನ್ನು, 2023ರ ಐಫೋನ್ 15ರಲ್ಲಿ ಯಾರ ಮೇಲೆ ಫೋಕಸ್ ಇರಬೇಕು ಅನ್ನೋದನ್ನು ಆಮೇಲೆ ಬದಲಾಯಿಸಬಹುದು ಅಂತಾಯ್ತು. ಒಳ್ಳೇ ಎಂಜಿನಿಯರಿಂಗ್, ಅನುಮಾನವೇ ಇಲ್ಲ. ಆದರೆ ಇಲ್ಲಿ ದಿಕ್ಕಿನ ಲೆಕ್ಕ ಪೂರ್ತಿ ಹಿಡಿದಿಟ್ಟಿಲ್ಲ. ಒಂದು ಸ್ಪಷ್ಟ ಚಿತ್ರ, ಜೊತೆಗೊಂದು ಆಳದ ಅಂದಾಜು, ಅದರ ಮೇಲೆ ಹಚ್ಚಿದ ಮಸುಕು. ಅಂದಾಜು ತಪ್ಪಿದಾಗ ಕಿವಿ ಮಾಯ, ಕನ್ನಡಕದ ಅಂಚು ಮಾಯ, ಹಾರೋ ಕೂದಲು ಮಾಯ. ಮಲ್ಲಿಗೆ ಮುಡಿದ ಹೆಣ್ಣುಮಕ್ಕಳ ಫೋಟೋ ತೆಗೆದು ನೋಡಿ, ಅರ್ಧ ಹೂವು ಮುಡಿಯಲ್ಲಿ, ಅರ್ಧ ಹೂವು ಮಂಜಿನಲ್ಲಿ!

ಇರಲಿ, ಅಂದಾಜು ದಿನೇ ದಿನೇ ಸುಧಾರಿಸುತ್ತೆ. ನನ್ನ ಜಗಳ ಅದರ ಜೊತೆಯಲ್ಲ. ಲೈಟ್ರೋದ ಅಪ್ಪಟ ತಂತ್ರಜ್ಞಾನಕ್ಕೂ, ಮೊಬೈಲಿನ ಅಂದಾಜಿಗೂ ಒಂದೇ ರೋಗ ಇದೆ, ನನ್ನ ಜಗಳ ಅದರ ಜೊತೆ. ಆಮೇಲೆ ಫೋಕಸ್ ಮಾಡೋ ಸ್ವಾತಂತ್ರ್ಯ ನಿಮ್ಮದು ಅಂತ ಮಾರುತ್ತಾರೆ, ಅದರ ಬೀಗದಕೈ ಮಾತ್ರ ಅವರ ಹತ್ತಿರವೇ ಇಟ್ಟುಕೊಳ್ಳುತ್ತಾರೆ.

ಲೈಟ್ರೋದ ಚಿತ್ರ ಮಾಮೂಲಿ ಫೋಟೋ ಆಗಿರಲಿಲ್ಲ. ಅದನ್ನು ತೆರೆಯೋಕೆ ಅವರದೇ ಸಾಫ್ಟ್‌ವೇರ್ ಬೇಕು, ಅದೂ ಶುರುವಿನಲ್ಲಿ ಮ್ಯಾಕ್ ಇದ್ದವರಿಗೆ ಮಾತ್ರ. ಒತ್ತಿದಲ್ಲಿ ಫೋಕಸ್ ಆಗೋ ಹಾಗೆ ಬೇರೆಯವರಿಗೆ ತೋರಿಸಬೇಕಾದರೆ ಅವರದೇ ತಾಣಕ್ಕೆ ಏರಿಸಬೇಕು. ನವೆಂಬರ್ 30, 2017ರಂದು ಆ ತಾಣ ಮುಚ್ಚಿತು. ಜನ ಐದು ವರ್ಷದಿಂದ ಹಂಚಿಕೊಂಡಿದ್ದ, ತಮ್ಮ ತಮ್ಮ ಪುಟಗಳಲ್ಲಿ ಅಂಟಿಸಿಕೊಂಡಿದ್ದ "ಜೀವಂತ ಚಿತ್ರ"ಗಳ ಜೀವ ಒಂದೇ ದಿನ ಹೋಯಿತು. ಮೂಲ ಫೈಲುಗಳನ್ನು ಇಟ್ಟುಕೊಂಡಿದ್ದವರು ಮಾಮೂಲಿ ಜೆಪೆಗ್ ಆಗಿ ಹೊರತೆಗೆದುಕೊಳ್ಳಬಹುದಿತ್ತು ಅನ್ನೋದೂ ನಿಜ. ಆದರೆ ಜೆಪೆಗ್ ಮಾಡಿದ ಗಳಿಗೆಯಲ್ಲೇ ಫೋಕಸ್ ಒಂದು ಕಡೆ ಗಟ್ಟಿಯಾಯ್ತಲ್ಲ. 399 ಡಾಲರ್ ಕೊಟ್ಟಿದ್ದು ಹಾಗಾಗಬಾರದು ಅಂತಲೇ ಅಲ್ಲವಾ? ಆ ಫೈಲುಗಳು ಇವತ್ತಿಗೂ ಒಂದಿಷ್ಟು ಬದುಕಿರೋದು ಹವ್ಯಾಸಿ ಪ್ರೋಗ್ರಾಮರುಗಳು ಅದರ ಹೊಟ್ಟೆ ಬಗೆದು ಒಳಗೇನಿದೆ ಅಂತ ಕಂಡುಹಿಡಿದಿದ್ದರಿಂದ. ಸಂಬಳವಿಲ್ಲದೆ ಮಾಡಿದ ಕೆಲಸ.

ಈ ಕಥೆ ಕೇಳಿದಾಗ ಕನ್ನಡದವರಿಗೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನಿಸಬೇಕು. ನಮ್ಮಪ್ಪ ಊರಿನ ಶಾಲೆಯ ಸ್ಮರಣ ಸಂಚಿಕೆಗೆ ಅಂತ ಹಿಂದೊಮ್ಮೆ ಇಪ್ಪತ್ತು ಪುಟದ ಲೇಖನ ಟೈಪ್ ಮಾಡಿಸಿದ್ದರು. ಫೈಲು ಇನ್ನೂ ಇದೆ, ಒಂದಕ್ಷರ ಹಾಳಾಗಿಲ್ಲ. ತೆರೆದರೆ ಮಾತ್ರ ತಲೆ ಮೇಲೆ ಕೊಂಬು, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಟೈಪ್ ಮಾಡಿದ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. 1991ರಲ್ಲೇ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಅದಾಗಿ ಎಷ್ಟೋ ವರ್ಷ ನಾವು ಒಂದೊಂದು ಫಾಂಟಿಗೆ ಒಂದೊಂದು ಗುಟ್ಟಿನ ಲಿಪಿ ಇಟ್ಟುಕೊಂಡು ಬರೆದೆವು. ಅಲ್ಲಿದ್ದದ್ದು ಪಠ್ಯವಲ್ಲ, ಆ ಫಾಂಟಿನ ಚಿತ್ರ ಜೋಡಣೆ. ಕೊನೆಗೆ ಕಾಪಾಡಿದ್ದು ಎರಡೇ: ಎಲ್ಲರಿಗೂ ತೆರೆದಿರೋ ಒಂದು ಮಾನಕ, ಮತ್ತೆ ಹಳೆಯದನ್ನು ಹೊಸದಕ್ಕೆ ತಿರುಗಿಸೋ ಪರಿವರ್ತಕಗಳನ್ನು ಬರೆದು ಹಂಚಿದ ಪುಣ್ಯಾತ್ಮರು. ಅಪ್ಪನ ಲೇಖನ ನಾನು ಓದಿದ್ದು ಅಂಥದೊಂದು ಪರಿವರ್ತಕದಿಂದಲೇ. ನೀವೀಗ ಈ ಸಾಲುಗಳನ್ನು ಯಾವ ಫಾಂಟೂ ಇಳಿಸಿಕೊಳ್ಳದೆ ಓದ್ತಾ ಇರೋದು ಆ ಪಾಠ ಕಲಿತಿದ್ದರಿಂದ. ಅಕ್ಷರದಲ್ಲಿ ಕಲಿತ ಪಾಠವನ್ನು ಚಿತ್ರದಲ್ಲಿ ಮತ್ತೆ ಮರೀಬೇಕಾ?

"ಇದು ಆಗದ ಮಾತು, ಕಂಪನಿಗಳು ತಮ್ಮ ಗುಟ್ಟು ಬಿಟ್ಟುಕೊಡುತ್ತವಾ?" ಅಂತ ಕೇಳೋರಿಗೆ ಹೇಳ್ತೀನಿ: ಆಗಿದೆ. ಏಪ್ರಿಲ್ 2014ರಲ್ಲಿ ಗೂಗಲ್ ತನ್ನ ಕ್ಯಾಮೆರಾ ಆ್ಯಪ್‌ನಲ್ಲಿ ಲೆನ್ಸ್ ಬ್ಲರ್ ಅನ್ನೋ ಸೌಲಭ್ಯ ಕೊಟ್ಟಾಗ ಆಳದ ನಕ್ಷೆಯನ್ನು ಜೆಪೆಗ್ ಫೈಲಿನ ಒಳಗೇ ಇಟ್ಟಿತ್ತು. ಹೇಗಿಟ್ಟಿದ್ದೀವಿ ಅನ್ನೋದನ್ನು ಎಲ್ಲರೂ ಓದೋ ಹಾಗೆ ಪ್ರಕಟಿಸಿತ್ತು. ಅಡೋಬಿ 2004ರಲ್ಲೇ ರಾ ಚಿತ್ರಗಳಿಗೆ ಡಿಎನ್‌ಜಿ ಅನ್ನೋ ಮುಕ್ತ ರೂಪ ಕೊಟ್ಟಿತ್ತು. ಜೆಪೆಗ್ ಸಮಿತಿಯೇ ಬೆಳಕಿನ ದಿಕ್ಕನ್ನೂ ಹಿಡಿದಿಡೋ ಚಿತ್ರಗಳಿಗೆ ಜೆಪೆಗ್ ಪ್ಲೆನೊ ಅನ್ನೋ ಮಾನಕ ರೂಪಿಸಿದೆ, ಅದರ ಮೊದಲ ಭಾಗ 2020ರಲ್ಲಿ ಪ್ರಕಟವಾಯಿತು. ದಾರಿ ಇದೆ. ನಡೀರಿ ಅಂತ ಒತ್ತಾಯ ಮಾಡೋರು ಇಲ್ಲ, ಅಷ್ಟೇ. ಫೋನ್ ಕೊಳ್ಳೋವಾಗ ನಾವು ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳ್ತೀವಿ. ಮಸುಕು ಎಷ್ಟು ಚಂದ ಅಂತ ನೋಡ್ತೀವಿ. ಈ ಫೋಟೋ ಬೇರೆ ಫೋನಿಗೆ ಹೋದಮೇಲೂ ಫೋಕಸ್ ಬದಲಾಗುತ್ತಾ ಅಂತ ಯಾರೂ ಕೇಳೋಲ್ಲ.

ನಾನೂ ಸಾಫ್ಟ್‌ವೇರ್ ಬರೆಯೋನೇ. ಫೀಚರ್ ಮಾಡೋವಾಗ ನಮ್ಮ ಯೋಚನೆ ಎಲ್ಲಿಗೆ ನಿಲ್ಲುತ್ತೆ ಅಂತ ಚೆನ್ನಾಗಿ ಗೊತ್ತು. ಡೆಮೋ ದಿನಕ್ಕೆ. ಹತ್ತು ವರ್ಷದ ನಂತರ ಯಾರೋ ಒಬ್ಬ ಮೊಮ್ಮಗ ಈ ಫೈಲು ತೆರೀತಾನೆ ಅನ್ನೋದು ಯಾವ ಸ್ಪೆಸಿಫಿಕೇಶನ್ನಿನಲ್ಲೂ ಇರೋಲ್ಲ. "ಶೇರ್" ಒತ್ತಿದಾಗ ಮೂಲ ಚಿತ್ರ ಹೋಗ್ತಿಲ್ಲ, ಮಸುಕಾದ ಪ್ರತಿ ಮಾತ್ರ ಹೋಗ್ತಿದೆ ಅಂತ ಒಂದು ಸಾಲಿನ ಎಚ್ಚರಿಕೆ ತೋರಿಸೋಕೆ ಎಷ್ಟು ಕೋಡ್ ಬೇಕು? ಅದನ್ನೂ ಮಾಡೋಲ್ಲ. ಯಾಕಂದರೆ ಅದರಿಂದ ಒಂದು ಫೋನೂ ಹೆಚ್ಚಿಗೆ ಮಾರಾಟವಾಗೋಲ್ಲ.

ಹಾಗಾಗಿ ಅವರು ಬದಲಾಗೋ ತನಕ ನಾವು ಮಾಡಬಹುದಾದ್ದು ಇಷ್ಟು. ಮನೆಯವರ ಫೋಟೋ ತೆಗೆಯೋವಾಗ ಪೋರ್ಟ್ರೇಟ್ ಮೋಡ್ ಆರಿಸಿ, ಮಾಮೂಲಿ ಮೋಡಲ್ಲಿ ಒಂದಾದರೂ ತೆಗೀರಿ. ಮಸುಕು ಬೇಕಿದ್ದರೆ ಆಮೇಲೆ ಹಚ್ಚಬಹುದು, ಹಚ್ಚಿದ್ದನ್ನು ತೆಗೆಯೋದೇ ಕಷ್ಟ. ಹಳೇ ಫೋನ್ ಅಂಗಡಿಗೆ ಕೊಡೋ ಮುಂಚೆ ಮೂಲ ಫೈಲುಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಮೆಸೇಜ್ ಗ್ರೂಪಿನಲ್ಲಿ ಇದೆಯಲ್ಲ ಅಂತ ನಂಬಬೇಡಿ. ಇದನ್ನೆಲ್ಲ ನಾವು ಮಾಡಬೇಕಾಗಿ ಬಂದಿರೋದೇ ನಾಚಿಕೆಗೇಡು, ಆದರೂ ಮಾಡಿ.

ಕೊನೆಗೆ ಹನ್ನೊಂದನೇ ದಿನ ಹಾರ ಹಾಕಿದ್ದು ಯಾವ ಫೋಟೋಗೆ ಗೊತ್ತಾ? ದೊಡ್ಡಮ್ಮ ಟ್ರಂಕಿನ ತಳದಿಂದ ಒಂದು ಕಪ್ಪುಬಿಳುಪು ಸ್ಟುಡಿಯೋ ಫೋಟೋ ತೆಗೆದರು. ತಾತ ಕುರ್ಚಿಯಲ್ಲಿ, ಅಜ್ಜಿ ಪಕ್ಕದಲ್ಲಿ ನಿಂತು. ಐವತ್ತು ವರ್ಷದ ಹಿಂದಿನದು. ಮೂಲೆಗೆ ಗೆದ್ದಲು ಹಿಡಿದಿದ್ದರೂ ಮುಖ ಸ್ಪಷ್ಟ. ನೋಡೋಕೆ ಯಾವ ಆ್ಯಪೂ ಬೇಕಾಗಲಿಲ್ಲ, ಯಾವ ಕಂಪನಿ ಮುಚ್ಚಿತೋ ಅಂತ ಕೇಳಬೇಕಾಗಲಿಲ್ಲ. ಸ್ಕ್ಯಾನ್ ಮಾಡಿಸಿ, ಅಜ್ಜಿಯನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿಸಿ ಇಟ್ಟೆವು.

ಅದರಲ್ಲೂ ಅಜ್ಜಿ ಬಿಗಿಯಾಗೇ ನಿಂತಿದ್ದಾರೆ. ನಗು ಇಲ್ಲ.